ಅಜ್ಜಿಯ ಬೈಗುಳಕ್ಕೆ ಮೂರು ಪ್ರತಿ

ಮಣಿಪಾಲದ ಒಂದು ಕಚೇರಿಯಲ್ಲಿ ಕಂಪ್ಯೂಟರ್ ವಿಭಾಗ ನೋಡಿಕೊಳ್ಳುವವನು ನಾನು. ಕಚೇರಿಯಲ್ಲಿ ಜನ ನನ್ನ ಮಾತು ಕೇಳುತ್ತಾರೆ. ಕೇಳದಿದ್ದರೆ ಅವರ ಲಾಗಿನ್ ಕೆಲಸ ಮಾಡುವುದಿಲ್ಲ. ತೊಂದರೆ ಎಲ್ಲ ಭಾನುವಾರದ್ದು. ನೆಂಟರು, ನೆರೆಕರೆಯವರು "ಒಂದು ಸಣ್ಣ ವಿಷಯ ಉಂಟು" ಎಂದು ಫೋನ್ ಮಾಡುತ್ತಾರೆ. ಆ ಸಣ್ಣ ವಿಷಯ ಪ್ರತಿ ಸಲವೂ ಸತ್ತುಹೋದ ಹಾರ್ಡ್ ಡಿಸ್ಕೇ ಆಗಿರುತ್ತದೆ. ನನ್ನ ನಿಯಮ ಸರಳ. ಮುಖ್ಯವಾದದ್ದು ಏನೇ ಇರಲಿ, ಮೂರು ಪ್ರತಿ ಇರಬೇಕು: ಒಂದು ಕಂಪ್ಯೂಟರಿನಲ್ಲಿ, ಒಂದು ಹೊರಗಿನ ಡ್ರೈವಿನಲ್ಲಿ, ಒಂದು ಮನೆಯಿಂದ ದೂರ, ಕ್ಲೌಡಿನಲ್ಲಿ. ಈ ನಿಯಮ ಒಪ್ಪದವರನ್ನು ನಾನು ನೋಡಿಲ್ಲ. ಪಾಲಿಸಿದವರನ್ನೂ ನೋಡಿಲ್ಲ.

ಕಳ್ಳನ ಅನುಕೂಲ

ಉಡುಪಿಯಲ್ಲಿ ನಮ್ಮ ಪಕ್ಕದ ಮನೆಯವರು ನಿವೃತ್ತ ಬ್ಯಾಂಕ್ ಅಧಿಕಾರಿ. ಕ್ಲೌಡೋ ಡ್ರೈವೋ ಎಂದು ಮೂರು ಭಾನುವಾರ ನನ್ನ ಜೊತೆ ಚರ್ಚೆ ನಡೆಸಿ, ಕೊನೆಗೆ ಡ್ರೈವ್ ತಂದರು. ಒಂದು ದಿನ ಹೋಗಿ ನೋಡಿದರೆ, ಅದನ್ನು ಕಂಪ್ಯೂಟರಿನ ತಲೆಯ ಮೇಲೆ ಇಟ್ಟು, ಅಲುಗಾಡದ ಹಾಗೆ ಟೇಪು ಸುತ್ತಿ, ಮೇಲೆ ಕಸೂತಿಯ ಬಟ್ಟೆ ಹೊದಿಸಿದ್ದಾರೆ.

"ಹೀಗೆ ಕಟ್ಟಿ ಇಟ್ಟರೆ ಹೇಗೆ ಸರ್? ಕಳ್ಳ ಬಂದರೆ ಎರಡೂ ಒಟ್ಟಿಗೆ ಹೋಗುತ್ತದೆ."

ಅವರು ಬಟ್ಟೆಯ ಅಂಚು ಸರಿಮಾಡಿದರು. "ಹೋಗಲಿ ಬಿಡಿ, ಪಾಪ. ಅವನಿಗೂ ಒಂದು ಬ್ಯಾಕಪ್ ಬೇಕಲ್ವಾ?"

ಎಲ್ಲ ಕಡೆ ನಮ್ಮವರು

ಇವರನ್ನಾದರೂ ಸಹಿಸಬಹುದು. ಕಾರ್ಕಳದಲ್ಲಿ ನನ್ನ ಸೋದರಮಾವ ಇದ್ದಾರೆ, ನಿವೃತ್ತ ಹೆಡ್‌ಮಾಸ್ಟರ್. ಅಜ್ಜಿ ಬದುಕಿದ್ದಾಗ ಅವರಿಂದ ತುಳುವಿನ ಹಳೆಯ ಕಥೆಹಾಡುಗಳಾದ ಪಾಡ್ದನಗಳನ್ನು ಹಾಡಿಸಿ ಉಳಿಸಿಕೊಳ್ಳಬೇಕೆಂದು ಮಾವ ಎದುರಿಗೆ ರೆಕಾರ್ಡರ್ ಇಟ್ಟುಕೊಂಡು ಕೂರುತ್ತಿದ್ದರು. ಅಜ್ಜಿ ಎರಡು ಸಾಲು ಹಾಡುವಷ್ಟರಲ್ಲಿ ಯಾರೋ ನೆಂಟರು ನೆನಪಾಗುತ್ತಿದ್ದರು. ಹಾಡು ಅಲ್ಲಿಗೆ ನಿಂತು ಬೈಗುಳ ಸುರುವಾಗುತ್ತಿತ್ತು. ಆ ರೆಕಾರ್ಡಿಂಗುಗಳಲ್ಲಿ ಪೂರ್ತಿಯಾದ ಪಾಡ್ದನ ಒಂದೂ ಇಲ್ಲ. ಅರ್ಧಕ್ಕೆ ನಿಂತ ಬೈಗುಳವೂ ಒಂದಿಲ್ಲ.

ಅಜ್ಜಿ ತೀರಿಹೋದ ಮೇಲೆ ಅವರ ಧ್ವನಿ ಎಂದು, ನಾನು ತಿಳಿದ ಹಾಗೆ, ಉಳಿದದ್ದು ಮಾವನ ಹಳೆಯ ಕಂಪ್ಯೂಟರಿನಲ್ಲಿ ಮಾತ್ರ. ಸಂಜೆ ಚಾ ಕುಡಿದು ಮಾವ ಒಂದೊಂದು ಹಾಕಿ ಕೇಳುತ್ತಾರೆ. ನಾನು ಹೇಳಿದೆ, "ಮಾವ, ಇದನ್ನು ಇವತ್ತೇ ಕ್ಲೌಡಿಗೆ ಹಾಕುವ."

"ಬೇಡ ಮಾರಾಯ. ಅಲ್ಲಿ ಯಾರಾದರೂ ಕೇಳಿದರೆ? ಅಮ್ಮ ಒಬ್ಬರನ್ನೂ ಬಿಟ್ಟಿಲ್ಲ. ಕುಟುಂಬದವರ ಕಿವಿಗೆ ಬಿದ್ದರೆ ಮುಂದಿನ ಸಲ ದೈವಕ್ಕೆ ತಂಬಿಲದ ಪೂಜೆ ಕೊಡುವಾಗ ನಾನೊಬ್ಬನೇ ಕೂರಬೇಕು."

"ಅದು ಯಾವುದೋ ದೇಶದಲ್ಲಿ ಇರುವ ಯಂತ್ರ. ಅಲ್ಲಿ ಯಾರೂ ಕೇಳುವುದಿಲ್ಲ. ಕೇಳಿದರೂ ಅವರಿಗೆ ತುಳು ಬರುವುದಿಲ್ಲ."

ಮಾವ ನನ್ನನ್ನು ಕನಿಕರದಿಂದ ನೋಡಿದರು. "ಇಷ್ಟು ಕಲಿತಿದ್ದಿ, ಇದು ಗೊತ್ತಿಲ್ವಾ? ತುಳುವಿನವರು ಇಲ್ಲದ ದೇಶ ಯಾವುದುಂಟು?"

 

ಅತ್ಯಂತ ಸುರಕ್ಷಿತ ಜಾಗ

ಕ್ಲೌಡ್ ಬೇಡವಾದರೆ ಡ್ರೈವಾದರೂ ಇರಲಿ ಎಂದು ನಾನೇ ಒಂದು ತಂದು ಎಲ್ಲವನ್ನೂ ಅದಕ್ಕೆ ಹಾಕಿದೆ. ಇದನ್ನು ಈ ಮನೆಯಲ್ಲಿ ಇಡಬಾರದು, ಬೇರೆ ಊರಿನಲ್ಲಿ, ಯಾರೂ ಮುಟ್ಟದ ಜಾಗದಲ್ಲಿ ಇಡಬೇಕು ಎಂದು ಎರಡೆರಡು ಸಲ ಹೇಳಿದೆ. ಮಾವ ಅಕ್ಷರಶಃ ಪಾಲಿಸಿದರು. ಶಿರ್ವದ ಹತ್ತಿರ ನಮ್ಮ ಕುಟುಂಬದ ಮನೆ ಉಂಟು. ಅಲ್ಲಿಯ ದೈವದ ಕೋಣೆಯಲ್ಲಿ ಇಟ್ಟು ಬಂದರು.

"ಮಾವ, ಆ ಕೋಣೆಯ ಬಾಗಿಲು ತೆರೆಯುವುದೇ ಸಂಕ್ರಮಣದ ದಿನ!"

"ಅದಕ್ಕೇ ಇಟ್ಟದ್ದು. ನಿನ್ನ ಕ್ಲೌಡಿಗೆ ಕಾವಲು ಯಾರು? ಇಲ್ಲಿ ದೈವವೇ ಉಂಟು."

"ಆಗಾಗ ತೆಗೆದು, ಸರಿಯಾಗಿ ಕೇಳಿಸುತ್ತದೋ ಎಂದು ಪರೀಕ್ಷೆ ಮಾಡಬೇಕಾಗುತ್ತದೆ."

ಮಾವ ಧ್ವನಿ ತಗ್ಗಿಸಿದರು. "ಎಂತ ಹೇಳ್ತಿ ನೀನು? ದೈವದ ಎದುರು ಕೂತು ಅಮ್ಮನ ಬೈಗುಳ ಹಾಕುವುದಾ?"

ಬದಲಿಗೆ ಒಂದು

ಮೇ ತಿಂಗಳ ಒಂದು ಸಂಜೆ ಕಾರ್ಕಳದಲ್ಲಿ ಸಿಡಿಲು ಬಡಿದು ಮಾವನ ಕಂಪ್ಯೂಟರ್ ಡಿಸ್ಕ್ ಸಮೇತ ಸುಟ್ಟಿತು. ಪ್ಲಗ್ ಯಾಕೆ ತೆಗೆಯಲಿಲ್ಲ ಎಂದು ಕೇಳಿದೆ.

"ಫ್ರಿಜ್ಜಿನದ್ದು ತೆಗೆದೆ, ಟಿವಿಯದ್ದು ತೆಗೆದೆ. ಕಂಪ್ಯೂಟರನ್ನು ನೀನು ನೋಡಿಕೊಳ್ತಿಯಲ್ಲ ಅಂತ ಬಿಟ್ಟೆ."

ಸಂಕ್ರಮಣದವರೆಗೆ ಕಾದೆವು. ಶಿರ್ವದ ಆ ಕೋಣೆಯಲ್ಲಿ ದೀಪ ಇಡುವವರು ನನ್ನ ದೊಡ್ಡಮ್ಮನ ಮಗ, ನನಗೆ ಅಣ್ಣ. ಬಾಗಿಲು ತೆರೆದವರು ಅಡ್ಡ ನಿಂತರು.

"ಒಳಗೆ ಇಟ್ಟದ್ದು ದೈವಕ್ಕೆ ಒಪ್ಪಿಸಿದ ಹಾಗೆ. ಸುಮ್ಮನೆ ಎತ್ತಿಕೊಂಡು ಹೋಗ್ಲಿಕ್ಕೆ ಇಲ್ಲ. ಪ್ರಾರ್ಥನೆ ಮಾಡಿ, ಬದಲಿಗೆ ಒಂದು ಇಡಬೇಕು."

"ಒಂದು ತೆಂಗಿನಕಾಯಿ ಸಾಕಾ?"

"ತೆಗೆಯುವುದು ಹಾರ್ಡ್ ಡಿಸ್ಕ್, ಇಡುವುದು ತೆಂಗಿನಕಾಯಿಯಾ? ನಿಮ್ಮ ಆಫೀಸಿನಲ್ಲಿ ನಡೀತದಾ ಇದು?"

 ಉಡುಪಿಗೆ ಹೋಗಿ ಹೊಸತೊಂದು ತಂದು ಇಟ್ಟೆವು. ಈಗ ನಮ್ಮ ದೈವದ ಬಳಿ ಎರಡು ಟಿಬಿ ಖಾಲಿ ಜಾಗ ಉಂಟು. ಕುಟುಂಬದಲ್ಲಿ ಬೇರೆ ಯಾರ ಬಳಿಯೂ ಅಷ್ಟಿಲ್ಲ.

ಹಳೆಯ ಡ್ರೈವ್ ಕೈಗೆ ಬಂತು. ಅಂಟುತ್ತಿತ್ತು, ಪರಿಮಳವೂ ಇತ್ತು. ಅಣ್ಣ ತುಂಬ ಶ್ರದ್ಧೆಯ ಮನುಷ್ಯ. ಪ್ರತಿ ಸಂಕ್ರಮಣ ಒಳಗಿದ್ದ ಎಲ್ಲದಕ್ಕೂ ಹೇಗೋ ಹಾಗೆ ಇದಕ್ಕೂ ಸೀಯಾಳದ ನೀರು ಪ್ರೋಕ್ಷಿಸಿ, ಗಂಧ ಹಚ್ಚಿ, ಹೂ ಇಟ್ಟಿದ್ದರು. ಮಣಿಪಾಲದಲ್ಲಿ ಡಿಸ್ಕ್ ರಿಪೇರಿ ಮಾಡುವವನು ಅದನ್ನು ಬಿಚ್ಚಿ ನೋಡಿ, ತಲೆ ಅಲ್ಲಾಡಿಸಿ, ಎರಡೂ ಕೈಯಲ್ಲಿ ಹಿಡಿದು ನನಗೆ ಪ್ರಸಾದದ ಹಾಗೆ ವಾಪಸ್ ಕೊಟ್ಟ.

ಮಾವನನ್ನು ಕಾರ್ಕಳಕ್ಕೆ ಬಿಡಲು ಹೋಗುವಾಗ ಅವರು ಆ ಡ್ರೈವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ಕಾರ್ಕಳ ಹತ್ತಿರ ಬಂದಾಗ ಒಂದೇ ಮಾತು ಹೇಳಿದರು. "ಅಮ್ಮ ನನಗೆ ಬೈದದ್ದೂ ಅದರಲ್ಲೇ ಇತ್ತು."

ಉಪದೇಶ ಮಾಡಬೇಕೆಂದು ಮೂರು ಅಂಶ ಸಿದ್ಧಮಾಡಿಕೊಂಡಿದ್ದೆ. ಅದರ ಬದಲು ದಾರಿಯಲ್ಲಿ ನಿಲ್ಲಿಸಿ ಅವರಿಗೆ ಚಾ ಕೊಡಿಸಿದೆ.

ಕಾಪುವಿನ ವ್ಯವಸ್ಥೆ

ಮರುದಿನ ಕಾಪುವಿನಿಂದ ಚಿಕ್ಕಮ್ಮನ ಫೋನ್. ಚಿಕ್ಕಮ್ಮ ಎಂದರೆ ಮಾವನ ತಂಗಿ.

"ಅಣ್ಣ ಊಟ ಬಿಟ್ಟು ಕೂತಿದ್ದಾನಂತೆ. ಎಂತಕ್ಕೆ? ಅಮ್ಮನದ್ದೆಲ್ಲ ನನ್ನ ಫೋನಿನಲ್ಲಿ ಇತ್ತಲ್ಲ. ಅಮ್ಮನ ವರ್ಷಾಂತಿಕದ ದಿನ ಅಣ್ಣನೇ ಹಾಕಿ ಕೊಟ್ಟದ್ದು, ಯಾರಿಗೂ ಕಳಿಸಬೇಡ ಅಂತ ಹೇಳಿ. ಈಗ ಅವನಿಗೇ ಮರೆತುಹೋಗಿದೆ."

ನಾನು ಎದ್ದು ನಿಂತೆ. "ಇತ್ತಾ, ಉಂಟಾ ಚಿಕ್ಕಮ್ಮ? ಸರಿಯಾಗಿ ಹೇಳಿ."

"ಇತ್ತು. ಫೋನ್ ತುಂಬಿತು ಅಂತ ಅಳಿಸಿದೆ."

ನಾನು ಕೂತೆ.

"ಅಳಿಸುವ ಮೊದಲು ನಿನ್ನನ್ನೂ ಅಣ್ಣನನ್ನೂ ಬಿಟ್ಟು ಎಲ್ಲರಿಗೆ ಒಂದೊಂದು ಕಳಿಸಿದ್ದೆ ಮಾರಾಯ! ನಮ್ಮವರಿಗೆ ಮಾತ್ರ. ಅಣ್ಣ ಹೇಳಿದ್ದು ನೆನಪಿತ್ತು, ಅದಕ್ಕೇ ಜಾಗ್ರತೆ ಮಾಡಿದೆ. ಅವರವರ ಬೈಗುಳ ಅವರವರಿಗೆ ಕಳಿಸಲಿಲ್ಲ. ಒಬ್ಬರದ್ದು ಇನ್ನೊಬ್ಬರಿಗೆ."

ಮುಂಬೈಯ ದೊಡ್ಡ ಮಾವನಿಗೆ ಬೈದದ್ದು ಹೆಬ್ರಿಯ ಅಕ್ಕನಲ್ಲಿತ್ತು. ಹೆಬ್ರಿಯ ಅಕ್ಕನಿಗೆ ಬೈದದ್ದು ದುಬೈಯಲ್ಲಿತ್ತು. ಶಿರ್ವದ ಶ್ರದ್ಧಾವಂತ ಅಣ್ಣನದ್ದು ಪುಣೆಯಲ್ಲಿತ್ತು. ವಾಟ್ಸಾಪಿನಲ್ಲಿ ಕೇಳಿದ್ದೇ ತಡ, ಎರಡು ದಿನದಲ್ಲಿ ಎಲ್ಲವೂ ಬಂದು ಸೇರಿದವು. ತಮ್ಮ ಮದುವೆಯ ಫೋಟೋ ಕಳೆದುಕೊಂಡವರೂ ಇನ್ನೊಬ್ಬರ ಬೈಗುಳವನ್ನು ಜೋಪಾನವಾಗಿ ಇಟ್ಟುಕೊಂಡಿದ್ದರು. ಪ್ರತಿಯೊಬ್ಬರೂ ಕಳಿಸಿ ಕೆಳಗೆ ಒಂದೇ ಪ್ರಶ್ನೆ ಬರೆದಿದ್ದರು: "ನನ್ನದು ಯಾರ ಹತ್ತಿರ ಉಂಟು?"

ಮಾವನಿಗೆ ಬೈದದ್ದೂ ಸಿಕ್ಕಿತು. ಒಂದು ಮಾತ್ರ ಎಲ್ಲರಿಂದಲೂ ಬಂತು. ಮುಂಬೈ, ದುಬೈ, ಹೆಬ್ರಿ, ಪುಣೆ, ಎಲ್ಲ ಕಡೆಯಿಂದ ಅದೇ. ಮಾವನ ಮನೆಯ ಹೊಸ ಕಂಪ್ಯೂಟರಿಗೆ ಎಲ್ಲವನ್ನೂ ಹಾಕಿ, ಇನ್ನೊಂದು ಹೊಸ ಡ್ರೈವಿಗೂ ಹಾಕಿ, ಡ್ರೈವಿನ ಮೇಲೆ ಹೆಸರಿನ ಚೀಟಿ ಅಂಟಿಸಿ, ಆಮೇಲೆ ಎಲ್ಲರಿಂದ ಬಂದ ಆ ಒಂದನ್ನು ಕೇಳಲು ಹಾಕಿದೆ. ಅಜ್ಜಿಯ ಧ್ವನಿ ಕೋಣೆ ತುಂಬಿತು.

"ಆ ಮಣಿಪಾಲದವನು ಉಂಟಲ್ಲ, ಇಂಗ್ಲಿಷ್ ಶಾಲೆಗೆ ಹೋಗುವ ತನಕ ಒಳ್ಳೆ ಹುಡುಗ. ಈಗ ಮನೆಗೆ ಬಂದರೆ ನನ್ನ ಕಾಲು ಹಿಡಿಯುವ ಮೊದಲು ಗೋಡೆಯ ಗಡಿಯಾರ ಸರಿ ಉಂಟಾ ಅಂತ ನೋಡ್ತಾನೆ. ಮೊನ್ನೆ ಮಾತ್ರೆಯ ಡಬ್ಬಿಗೆಲ್ಲ ಚೀಟಿ ಅಂಟಿಸಿ ಹೋದ. ಇನ್ನು ಎರಡು ದಿನ ನಿಂತಿದ್ದರೆ ನನಗೂ ಒಂದು ಅಂಟಿಸ್ತಿದ್ದ!"

ಹಿಂದಿನಿಂದ ಮಾವನ ನಗು ಕೇಳುತ್ತಿತ್ತು, ರೆಕಾರ್ಡಿಂಗಿನಲ್ಲೂ, ನನ್ನ ಕುರ್ಚಿಯ ಹಿಂದೆಯೂ.

ಅಲ್ಲಿಂದಲೇ ಕಾಪುವಿಗೆ ಫೋನ್ ಮಾಡಿದೆ. "ಚಿಕ್ಕಮ್ಮ, ಇದೊಂದನ್ನು ಎಲ್ಲರಿಗೂ ಯಾಕೆ ಕಳಿಸಿದಿರಿ?"

"ನೀನೇ ಹೇಳ್ತಾ ಇರ್ತಿಯಲ್ಲ, ಮುಖ್ಯವಾದದ್ದು ಒಂದೇ ಕಡೆ ಇರಬಾರದು ಅಂತ."

ಫೋನ್ ಇಟ್ಟು ಮಾವನತ್ತ ತಿರುಗಿದೆ. ಅವರು ಡ್ರೈವಿನ ಮೇಲಿನ ಚೀಟಿಯನ್ನು ಓದುತ್ತಾ ಕಣ್ಣು ಒರೆಸಿಕೊಳ್ಳುತ್ತಿದ್ದರು.  ನಿಯಮ ನಿಯಮವೇ, ಮೂರನೆಯ ಪ್ರತಿ ಇನ್ನೂ ಬಾಕಿ ಇತ್ತು. ಕ್ಲೌಡಿನ ವಿಷಯ ಏನು ಮಾಡುವುದು ಎಂದು ಕೊನೆಯ ಸಲ ಕೇಳಿದೆ.

"ಬೇರೆ ಯಾವುದೂ ಬೇಡ," ಎಂದರು ಮಾವ. "ಈಗ ಕೇಳಿದೆವಲ್ಲ, ಅದೊಂದನ್ನು ಹಾಕು ಮಾರಾಯ. ಅದನ್ನು ಯಾರು ಕೇಳಿದರೂ ತೊಂದರೆ ಇಲ್ಲ."