ಹೀಟರ್ ಬಿಸಿಯಾಗದೆ ಊರಿಗೆ ರಜೆ ಇಲ್ಲ

ದಮ್ಮಾಮಿನ ಸಿನಾಯ್ಯದಲ್ಲಿ, ಅಂದರೆ ಬರೀ ಗ್ಯಾರೇಜುಗಳೇ ತುಂಬಿದ ಏರಿಯಾದಲ್ಲಿ, ಹದಿನೆಂಟು ವರ್ಷದಿಂದ ಗಾಡಿ ಬಿಚ್ಚುತ್ತಾ ಇದ್ದೇನೆ. ಕೈಗೆ ಗ್ರೀಸ್ ಹತ್ತದ ದಿನ ಇರಬಹುದು, ತಲೆ ಕೆಡಿಸುವ ಗಿರಾಕಿ ಬಾರದ ದಿನ ಇಲ್ಲ. ಎಲ್ಲ ಹೇಳುತ್ತಾ ಕೂತರೆ ನೀವು ಎದ್ದು ಹೋಗುತ್ತೀರಿ. ಒಂದು ಪಿಕಪ್ಪಿನದ್ದು ಮಾತ್ರ ಹೇಳುತ್ತೇನೆ.

೧. ಹೆಬ್ಬೆರಳು

ಜನವರಿ ತಿಂಗಳು. ಊರಲ್ಲಿ ಮಗಳ ನಿಕಾಹ್‌ಗೆ ಎಂಟೇ ದಿನ ಬಾಕಿ. ಟಿಕೆಟ್ ಆಗಿತ್ತು. ಹೋಗಿಬರುವ ಅನುಮತಿ ಮಾತ್ರ ಕಫೀಲ್, ಅಂದರೆ ನಮಗೆ ವೀಸಾ ಕೊಟ್ಟ ಗ್ಯಾರೇಜಿನ ಯಜಮಾನ, ಕೊಡಬೇಕು. ಮೊಬೈಲಿನಲ್ಲಿ ಒಂದು ಬಟನ್ ಒತ್ತಿದರೆ ಮುಗಿಯಿತು. ಆದರೆ ಅವನ ಹೆಬ್ಬೆರಳು ಏಳಬೇಕಲ್ಲ!

"ಅಪ್ಪನ ಪಿಕಪ್ಪಿನ ಹೀಟರ್ ಬಿಸಿಯಾಗ್ತಾ ಇಲ್ಲ. ಮರಳುಗಾಡಿನ ಟೆಂಟಿಗೆ ಹೊರಟಿದ್ದಾರೆ, ಅಲ್ಲಿ ಭಾರೀ ಚಳಿ. ಮೊದಲು ಅದನ್ನು ಸರಿ ಮಾಡು, ಆಮೇಲೆ ಊರಿಗೆ ಹೋಗು" ಅಂದ.

ಹೀಟರ್ ತಾನೇ, ಒಂದು ಗಂಟೆಯ ಕೆಲಸ ಅಂದುಕೊಂಡೆ. ಓಡಿಸಿ ನೋಡಿದೆ. ನಿಂತಲ್ಲಿ ಸ್ವಲ್ಪ ಬೆಚ್ಚಗೆ, ಹೈವೇಗೆ ಹತ್ತಿದರೆ ತಣ್ಣನೆ ಗಾಳಿ. ಎಂಜಿನ್ ಬಿಸಿ ತೋರಿಸುವ ಮುಳ್ಳು ಕೆಳಗೆ ಮಲಗಿದ್ದು ಏಳಲೇ ಇಲ್ಲ. ಥರ್ಮೋಸ್ಟಾಟ್ ಹಾಳಾಗಿದೆ ಅಂತ ಗೊತ್ತಾಯಿತು. ಅದು ಎಂಜಿನ್ನಿನ ನೀರಿಗೆ ಒಂದು ಬಾಗಿಲು ಇದ್ದ ಹಾಗೆ. ನೀರು ಬಿಸಿಯಾಗುವ ತನಕ ರೇಡಿಯೇಟರಿಗೆ ಬಿಡುವುದಿಲ್ಲ. ಬಿಚ್ಚಿದೆ. ಹಾಳಾಗಿರಲಿಲ್ಲ, ಇರಲೇ ಇಲ್ಲ!

ನಮ್ಮ ಹಿರಿಯ ಮೆಕ್ಯಾನಿಕ್, ಲಾಹೋರಿನ ಉಸ್ತಾದ್, ಪಕ್ಕದಲ್ಲಿ ಟಯರ್ ಮೇಲೆ ಕೂತು ಖರ್ಜೂರ ತಿನ್ನುತ್ತಿದ್ದರು.

"ಉಸ್ತಾದ್, ಇದರ ಥರ್ಮೋಸ್ಟಾಟ್ ಎಲ್ಲಿ?"

"ನಾನೇ ತೆಗೆದು ಬಿಸಾಡಿದ್ದು" ಅಂದರು ಹೆಮ್ಮೆಯಿಂದ. "ಬೇಸಿಗೆಯಲ್ಲಿ ಎಂಜಿನ್ ಕುದೀತಿತ್ತು. ಈ ದೇಶದಲ್ಲಿ ನೀರನ್ನು ಬಿಸಿ ಮಾಡಲಿಕ್ಕೆ ಮಿಷಿನ್ ಬೇರೆ ಬೇಕಾ?"

ಜುಲೈಯಲ್ಲಿ ಕೇಳಿದ್ದರೆ ನಾನೂ ಹೌದು ಅನ್ನುತ್ತಿದ್ದೆ.

೨. ಚಾ

ಹೊಸದು ತರಲು ಭಟ್ಕಳದವರ ಸ್ಪೇರ್‌ಪಾರ್ಟ್ಸ್ ಅಂಗಡಿಗೆ ಹೋದೆ. ಸಾಹೇಬರು ಕನ್ನಡಕ ಏರಿಸಿ ನನ್ನನ್ನೇ ನೋಡಿದರು. "ಎಂತ ಮಾರಾಯ, ಹುಷಾರಿದ್ದೀಯಲ್ವಾ? ಇಲ್ಲಿ ಎಲ್ಲರೂ ತೆಗೀತಾರೆ, ನೀನು ಹಾಕ್ಲಿಕ್ಕೆ ಹೊರಟಿದ್ದೀಯಲ್ಲ!" ಹುಡುಕಿ ಹುಡುಕಿ, ಮೇಲಿನ ಕಪಾಟಿನಿಂದ ಧೂಳು ಹಿಡಿದ ಒಂದು ಡಬ್ಬಿ ಇಳಿಸಿದರು.

ಹಳೇ ಮಾಲು. ಹಾಗೇ ಹಾಕಿಬಿಟ್ಟರೆ ಕೆಲಸ ಕೆಡುತ್ತದೆ. ಪಾತ್ರೆಯಲ್ಲಿ ನೀರು ಕುದಿಸಿ ಅದರೊಳಗೆ ಇಟ್ಟು ಬಾಗಿಲು ತೆರೆಯುತ್ತದಾ ನೋಡಬೇಕು. ಗ್ಯಾರೇಜಿನಲ್ಲಿ ಇದ್ದದ್ದು ಒಂದೇ ಪಾತ್ರೆ, ಚಾ ಮಾಡುವುದು. ನೀರು ತುಂಬಿ, ಥರ್ಮೋಸ್ಟಾಟ್ ಹಾಕಿ ಒಲೆ ಮೇಲೆ ಇಟ್ಟೆ. ಅಷ್ಟರಲ್ಲಿ ಊರಿಂದ ಹೆಂಡತಿ ಫೋನ್ ಮಾಡಿದಳು. "ಪರ್ಮಿಷನ್ ಸಿಕ್ಕಿತಾ? ಹುಡುಗನ ಕಡೆಯವರು ದಿನಾ ಕೇಳ್ತಾರೆ." ಹೊರಗೆ ಹೋಗಿ ಸಮಾಧಾನ ಮಾಡಿ ಬಂದೆ.

ಬಂದು ನೋಡಿದರೆ ಪಾತ್ರೆಯಲ್ಲಿ ಚಾಪುಡಿ, ಹಾಲು, ಸಕ್ಕರೆ. ನಡುವೆ ಥರ್ಮೋಸ್ಟಾಟ್ ಬಾಯಿ ತೆರೆದುಕೊಂಡು ಕುದಿಯುತ್ತಿದೆ. ಉಸ್ತಾದ್ ಆಗಲೇ ಅರ್ಧ ಗ್ಲಾಸು ಮುಗಿಸಿದ್ದರು.

"ಉಸ್ತಾದ್! ಅದರಲ್ಲಿ ಪಾರ್ಟ್ ಇತ್ತು!"

ಅವರು ಗ್ಲಾಸಿನೊಳಗೆ ಇಣುಕಿ ನೋಡಿದರು. ಉಳಿದದ್ದನ್ನೂ ಕುಡಿದು ಬಾಯಿ ಒರೆಸಿಕೊಂಡು, "ನಾನು ಏಲಕ್ಕಿ ಅಂದ್ಕೊಂಡೆ" ಅಂದರು.

೩. ಅಪರಾಧಿ

ಥರ್ಮೋಸ್ಟಾಟ್ ಹಾಕಿದೆ. ಮುಳ್ಳು ಎದ್ದು ನಿಂತಿತು. ಆದರೂ ಕ್ಯಾಬಿನ್ನಿನಲ್ಲಿ ಬರುವುದು ಕಾಯಿಲೆಯವನ ಉಸಿರಿನಷ್ಟೇ ಬಿಸಿ. ಹೀಟರಿಗೆ ಹೋಗುವ ಎರಡು ಪೈಪು ಮುಟ್ಟಿ ನೋಡಿದೆ. ಒಂದು ಸುಡುತ್ತದೆ, ಇನ್ನೊಂದು ಉಗುರು ಬೆಚ್ಚಗೆ. ನೀರು ನಡುವೆ ಎಲ್ಲೋ ತಡೆದಿದೆ.

ಬಗ್ಗಿ ಟಾರ್ಚ್ ಹಿಡಿದೆ. ಪೈಪಿನ ಮಧ್ಯೆ ಒಂದು ಹಿತ್ತಾಳೆ ನಲ್ಲಿ, ಮುಕ್ಕಾಲು ಮುಚ್ಚಿದೆ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಯಾವ ಕತ್ತೆ ಇಲ್ಲಿ ನಲ್ಲಿ ಹಾಕಿದ್ದು? ಇವನಿಗೆ ಸ್ಪ್ಯಾನರ್ ಕೊಟ್ಟವರು ಯಾರು?" ಅಂತ ಇಡೀ ಬೀದಿಗೆ ಕೇಳುವ ಹಾಗೆ ಕೂಗಿದೆ. ಉಸ್ತಾದರನ್ನೂ ಸರಿಯಾಗಿ ಬೈದೆ.

ಗದ್ದಲ ಕೇಳಿ ಕಫೀಲ್‌ನ ಅಪ್ಪ ಒಳಗೆ ಬಂದರು. ಬಿಳಿ ಗಡ್ಡ, ಮೈಮೇಲೆ ಕುರಿ ತುಪ್ಪಳದ ದೊಡ್ಡ ಕೋಟು. ನಾವೆಲ್ಲ ಅವರನ್ನು ಬಾಬಾ ಅಂತಲೇ ಕರೆಯುವುದು. ನಲ್ಲಿಯನ್ನು ನೋಡಿ ಅವರ ಮುಖ ಅರಳಿತು. ನನ್ನ ಭುಜ ತಟ್ಟಿದರು.

"ಇದಾ? ರಂಜಾನಿನಲ್ಲಿ ಎ.ಸಿ. ತಣ್ಣಗಾಗ್ತಿಲ್ಲ ಅಂದಾಗ ನೀನೇ ಹಾಕಿಕೊಟ್ಟೆಯಲ್ಲ! ಬಿಸಿನೀರು ಒಳಗೆ ಬಾರದ ಹಾಗೆ! ಬಹಳ ಒಳ್ಳೆಯ ಕೆಲಸ."

ಉಸ್ತಾದ್ ಸ್ಪ್ಯಾನರ್ ತಂದು ಎರಡೂ ಕೈಯಲ್ಲಿ ಹಿಡಿದು ನನಗೆ ಕೊಟ್ಟರು.

೪. ವಲಿ

ನಲ್ಲಿ ತಿರುಗಿಸಿದ್ದೇ ತಡ, ಹೀಟರಿನಿಂದ ಅಕ್ಕಿರೊಟ್ಟಿ ಸುಡಬಹುದು ಅನ್ನುವಂಥ ಬಿಸಿ. ಬಾಬಾ ಒಂದು ಸುತ್ತು ಹೊಡೆದು ಬಂದರು. ಮುಖ ಕೆಂಪು, ಕಣ್ಣು ಹೊಳೆಯುತ್ತಿದೆ. ಇನ್ನೇನು, ರಜೆ ಸಿಕ್ಕಿತು ಅಂದುಕೊಂಡೆ. ಅಷ್ಟರಲ್ಲಿ ಕಫೀಲ್ ಬಂದ. ಅವರು ಮಗನಿಗೆ ಹೇಳಿದರು: "ಇಂಥ ಕೈ ಇರುವವನನ್ನು ಚಳಿ ಮುಗಿಯುವ ತನಕ ಎಲ್ಲಿಗೂ ಕಳಿಸಬೇಡ!"

ಹಾಳು ಕೆಲಸ ಮಾಡಿದ್ದರೆ ಓಡಿಸುತ್ತಿದ್ದರು, ಒಳ್ಳೆಯ ಕೆಲಸ ಮಾಡಿ ಸಿಕ್ಕಿಬಿದ್ದೆ. ಅಳು ಬಂತು, ನಾಚಿಕೆ ಬಿಟ್ಟು ಹೇಳಿಯೇಬಿಟ್ಟೆ. "ಬಾಬಾ, ಈ ಆದಿತ್ಯವಾರ ಮಗಳ ನಿಕಾಹ್. ವಲಿ ನಾನು. ಅವಳ ಕೈ ಹಿಡಿಸಿಕೊಡಬೇಕಾದವನು ನಾನು."

ಬಾಬಾ ಮಗನ ಕಡೆ ತಿರುಗಿದರು. "ಹುಡುಗಿಯ ವಲಿಯನ್ನು ಹಿಡಿದು ನನ್ನ ಹೀಟರ್ ಬಿಚ್ಚಿಸಿದ್ದೀಯಾ? ನಿನಗೆ ಅಲ್ಲಾಹನ ಹೆದರಿಕೆ ಇಲ್ವಾ? ತೆಗಿ ಮೊಬೈಲು!" ಹೆಬ್ಬೆರಳು ಕೂಡಲೇ ಎದ್ದಿತು. ಆಮೇಲೆ ನನ್ನ ಕಡೆ ನೋಡಿ, "ಏರ್‌ಪೋರ್ಟಿಗೆ ನಾನೇ ಬಿಡ್ತೇನೆ, ಇದೇ ಗಾಡಿಯಲ್ಲಿ" ಅಂದರು.

ಗಲ್ಫಿನವರಿಗೆ ಗೊತ್ತು, ಲಗೇಜಿನ ತೂಕ ಹೆಚ್ಚಾದರೆ ಉಳಿದದ್ದೆಲ್ಲ ಮೈಮೇಲೆ. ಹೊರಡುವ ದಿನ ನಾನು ಎರಡು ಶರ್ಟು, ಸ್ವೆಟರು, ಅದರ ಮೇಲೆ ನಿಕಾಹ್‌ಗೆ ಹೊಲಿಸಿದ ಕೋಟು ಹಾಕಿಕೊಂಡಿದ್ದೆ. ಮಟಮಟ ಮಧ್ಯಾಹ್ನ. ಬಾಬಾ ಕಿಟಕಿ ಗ್ಲಾಸು ಏರಿಸಿ ಹೀಟರ್ ಫುಲ್ ಇಟ್ಟರು. ಐದೈದು ನಿಮಿಷಕ್ಕೊಮ್ಮೆ, "ಹೇಗಿದೆ?" ಸೆಕೆ ಅಂದರೆ ಎಲ್ಲಿ ಗಾಡಿ ನಿಲ್ಲಿಸಿ ಬಾನೆಟ್ ಎತ್ತುತ್ತಾರೋ ಅಂತ, "ಚೆನ್ನಾಗಿದೆ ಬಾಬಾ" ಅಂದೆ. ದಾರಿಯುದ್ದಕ್ಕೂ ಚೆನ್ನಾಗಿತ್ತು.

ಕೌಂಟರಿನಲ್ಲಿ ಒಬ್ಬ ಮಲಯಾಳಿ ಹುಡುಗ. ನನ್ನನ್ನು ನೋಡಿ ಅರ್ಧ ಎದ್ದ. ಬೆವರು ಪಾಸ್‌ಪೋರ್ಟ್ ಮೇಲೆ ತೊಟ್ಟಿಕ್ಕುತ್ತಿತ್ತು. "ಇಕ್ಕಾ, ಜ್ವರ ಉಂಟಲ್ವಾ? ಡಾಕ್ಟರ್ ನೋಡದೆ ನಿಮ್ಮನ್ನು ಹತ್ತಿಸಲಿಕ್ಕೆ ಆಗುವುದಿಲ್ಲ."

ನನ್ನನ್ನು ಬೀಳ್ಕೊಡಲು ಬಂದಿದ್ದ ಬಾಬಾ, ಏನು ವಿಷಯ ಅಂತ ಕೇಳಿದರು. ಹೇಳಿದೆ. ಅವರು ಎದೆ ಸೆಟೆಸಿ ಮುಂದೆ ಬಂದರು. ತುಪ್ಪಳದ ಕೋಟಿನೊಳಗಿಂದ ಅವರಿಗೂ ಗಡ್ಡದ ತುದಿಯವರೆಗೆ ನೀರು ಇಳಿಯುತ್ತಿತ್ತು.

"ಜ್ವರ ಅಲ್ಲ, ಹೀಟರ್! ಇವನೇ ರಿಪೇರಿ ಮಾಡಿದ್ದು! ನಂಬಿಕೆ ಇಲ್ಲದಿದ್ದರೆ ಗಾಡಿ ಹೊರಗೇ ಇದೆ, ಬಾ, ಐದು ನಿಮಿಷ ಕೂತು ನೋಡು!"

ಹುಡುಗ ಬಾಬಾರನ್ನು ನೋಡಿದ, ನನ್ನನ್ನು ನೋಡಿದ, ಬೋರ್ಡಿಂಗ್ ಪಾಸ್ ಮುಂದೆ ತಳ್ಳಿದ. "ಬೇಡ ಬಾಬಾ, ಇವರು ಹೋಗಲಿ."