ಜಗಳೂರಿಗೆ ಹೊರಟ ಗಂಟು

ನಾಲ್ಕು ವರ್ಷದ ಹಿಂದೆ, ನನಗೆ ಅರವತ್ತೇಳು ತುಂಬಿದಾಗ, ಅಕ್ಕನಿಗೆ ನನ್ನ ಮೊಮ್ಮಗಳ ಮದುವೆಯ ಕರೆ ಕಳಿಸಿದೆ. ಕಳಿಸಿದೆ, ಅಷ್ಟೆ.

ಅಕ್ಕ ಇರುವುದು ಜಗಳೂರಿನಲ್ಲಿ, ನಾವು ಸವಳಂಗದಲ್ಲಿ. ಫೋನಿನಲ್ಲಿ ಕರೆದರೆ ಅವಳು ಬರುವವಳಲ್ಲ. ಲಗ್ನಪತ್ರಿಕೆ, ಅರಿಶಿನ ಕುಂಕುಮ, ಎಲೆ ಅಡಿಕೆ, ಕುಬುಸದ ಕಣ ಕೈಗೇ ಬರಬೇಕು. ಹುಡುಗಿಗೆ ಮೊದಲ ಅರಿಶಿನ ಹಚ್ಚಬೇಕಾದವಳೂ ಅವಳೇ.

"ನಾನೇ ಬೈಕಿನಾಗೆ ಹೋಗಿ ಕರೆದು ಬರ್ತೀನಿ ಕಣವ್ವ" ಎಂದ ಮಗ.

"ಸುಮ್ನಿರೋ. ನನ್ನ ದಾರಿ ನಂಗೈತೆ!"

ನನ್ನ ದಾರಿ ಎಂದರೆ ನಲ್ಲೂರಿನ ನಾದಿನಿ ಗೌರಮ್ಮ. ಅವಳ ಪಕ್ಕದ ಮನೆಯ ಬಟ್ಟೆ ವ್ಯಾಪಾರಿ ವಾರಕ್ಕೊಮ್ಮೆ ಜಗಳೂರಿಗೆ ಹೋಗುತ್ತಿದ್ದ. ಇದನ್ನು ನಾನು ಯಾರಿಗೂ ಹೇಳುತ್ತಿರಲಿಲ್ಲ. ಕೆರೆಬಿಳಚಿಯ ಬೀಗಿತ್ತಿ ಹಾಲಮ್ಮನ ಮುಂದಂತೂ, "ಜಗಳೂರಿಗೆ ಏನು ಮುಟ್ಟಿಸೋದಿದ್ರೂ ನಂಗೆ ಹೇಳ್ರಿ" ಎಂದು ಜಂಬ ಕೊಚ್ಚಿದ್ದೆ.

ಗಂಟು ಕಟ್ಟಿ, ನಲ್ಲೂರಿಗೆ ಹೊರಟವರ ಕೈಲಿ ಗೌರಮ್ಮನಿಗೆ ಕಳಿಸಿದೆ. ಕೆಲಸ ಮುಗಿಯಿತು!

ಐದು ದಿನಕ್ಕೆ ಹಾಲಮ್ಮನಿಂದ ಒಂದು ಚೀಲ ಬಂತು. ಬಾಯಿ ಹೊಲಿದಿತ್ತು. ಮೇಲಿನ ಅಕ್ಷರ ಕೂಡಿಸಿ ಕೂಡಿಸಿ ಓದಿದೆ: ಜ-ಗ-ಳೂ-ರು. "ದಾರಿ ಗೊತ್ತಿಲ್ಲದ ಮಂದಿ, ಪಾಪ" ಎಂದು ನಕ್ಕು, ಅದನ್ನೂ ಗೌರಮ್ಮನಿಗೆ ಸಾಗಿಸಿದೆ. ಮರುವಾರ ಮತ್ತೊಂದು, ಚೀಲದ ಮೇಲೆ ಚೀಲ ಹಾಕಿ ಹೊಲಿದದ್ದು. ಹಾಲಮ್ಮನಿಗೆ ಜಗಳೂರಿನಲ್ಲಿ ಎಷ್ಟು ನೆಂಟರಪ್ಪ! ಅದನ್ನೂ ಸಾಗಿಸಿದೆ.

ಮದುವೆಗೆ ಅಕ್ಕ ಬರಲಿಲ್ಲ. ಅರಿಶಿನ ಬೇರೆಯವರು ಹಚ್ಚಿದರು. ನಾನು ಬಾಯಿ ಮುಚ್ಚಿಕೊಂಡಿದ್ದೆನೇ? "ನಮ್ಮಕ್ಕಗೆ ಸೊಕ್ಕು. ಕರೆದರೂ ಬರಲಿಲ್ಲ ನೋಡ್ರಿ" ಎಂದು ಊಟದ ಪಂಕ್ತಿ ಪಂಕ್ತಿಗೂ ಸಾರಿದೆ.

ಊಟ ಮುಗಿಸಿದ ಹಾಲಮ್ಮ ಒಂದು ದಪ್ಪ ಚೀಲ ತಂದು ನನ್ನ ಮುಂದೆ ಕುಕ್ಕಿದಳು. "ರುದ್ರಮ್ಮಾರೆ, ಗೌರಮ್ಮಾರು ಮೂರನೇ ಸಲ ಕಳಿಸ್ಯಾರೆ. ನೀವು ಮುಟ್ಟಿಸ್ತೀರಂತಲ್ಲ, ಮುಟ್ಟಿಸ್ರಿ!"

ಕೊಳೆತ ಎಲೆಯ ವಾಸನೆ ಬಂತು. ಹೊಲಿಗೆ ಬಿಚ್ಚಿದೆ. ನಾನೇ ಆರಿಸಿದ ಕುಬುಸದ ಕಣ!

"ಏನೇ ಗೌರಿ ಇದು?" ಎಂದು ಮದುವೆಗೆ ಬಂದಿದ್ದ ಗೌರಮ್ಮನನ್ನು ಕೇಳಿದೆ.

"ಆ ವ್ಯಾಪಾರಿ ಹೋಗೋದು ಬಿಟ್ಟು ವರ್ಷ ಆತು ಅತ್ತಿಗೆ. ಹೇಳಾಕೆ ನಾಚಿಕೆ ಆತು. ಹಾಲಮ್ಮಾರು ನಂಗೆ ದಾರಿ ಐತೆ ಅಂದಿದ್ರು..."

"ನಂಗೆಲ್ಲಿ ದಾರಿ? ನನ್ನ ದಾರಿ ಈ ರುದ್ರಮ್ಮಾರೇ!" ಎಂದಳು ಹಾಲಮ್ಮ.

ನನ್ನ ದಾರಿ ಗೌರಮ್ಮ. ಎಲ್ಲರೂ ನನ್ನ ಮುಖ ನೋಡಿದರು.

ಮದುಮಗಳು ನೇತ್ರಾ ಕಂಪ್ಯೂಟರ್ ಡಿಪ್ಲೊಮಾ ಓದಿದವಳು. ಹಾರ ಹಾಕಿಕೊಂಡೇ ಹೊಟ್ಟೆ ಹಿಡಿದು ನಕ್ಕಳು. "ಅಜ್ಜಿ, ಇದು ನಮ್ಮ ಪಾಠದಾಗೈತೆ! ಕಂಪ್ಯೂಟರ್ ಸುದ್ದಿ ಸಾಗಿಸೋ ಪೆಟ್ಟಿಗೆಗಳೂ ದಾರಿ ವಿಷಯದಾಗೆ ಪಕ್ಕದ ಪೆಟ್ಟಿಗೆ ಮಾತೇ ನಂಬೋದು. ಒಂದು ದಾರಿ ಕಡಿದ್ರೆ ಸುದ್ದಿ ಹಿಂಗೇ ಸುತ್ತು ಹೊಡೀತೈತೆ."

"ಅವಕ್ಕೆ ಬುದ್ಧಿ ಹೆಂಗೆ ಕಲಿಸ್ತೀರೇ?"

"ದಾರಿ ಹೇಳಿಕೊಟ್ಟೋರಿಗೇ ಆ ದಾರಿ ನಂದು ಅಂತ ತಿರುಗಿ ಹೇಳಬಾರದು. ದಾರಿ ಕೆಟ್ರೆ ಕೂಡ್ಲೇ ಕೆಟ್ಟೈತೆ ಅಂತ ಕೂಗಬೇಕು. ಅದಕ್ಕೂ ಮೀರಿ ದಾರಿ ಉದ್ದದ ಲೆಕ್ಕ ಹದಿನೈದು ಮನೆ ದಾಟಿದ್ರೆ, ಆ ಊರಿಗೆ ದಾರಿನೇ ಇಲ್ಲ ಅಂತ ಕೈಬಿಡಬೇಕು."

ಪೆಟ್ಟಿಗೆಗೆ ನಾಚಿಕೆಯಿಲ್ಲ, ಕೂಗುತ್ತದೆ. ನಮಗೆ ಮೂವರಿಗೂ ಮಾನ ಮರ್ಯಾದೆ ಇತ್ತು!

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಟೆ. ಹೊಸ ಎಲೆ, ಅದೇ ಕುಬುಸದ ಕಣ. ಬಾಗಿಲು ತೆಗೆದ ಅಕ್ಕ ನನ್ನನ್ನು ನೋಡಿದಳು, ಗಂಟು ನೋಡಿದಳು. ಮುಖ ಅರಳಿತು.

"ಅಂತೂ ಕರೆಯಾಕೆ ನೀನೇ ಬಂದ್ಯಲ್ಲೇ! ಮದುವೆ ಯಾವತ್ತೇ?"

"ನಿನ್ನೆ" ಎಂದೆ.