ಅವ್ವನ ದನಿಯ ಲೈಸೆನ್ಸು

ನನ್ನ ಕೆಲಸ ಕೇಳಿದರೆ ಯಾರಿಗಾದರೂ ಆಕಳಿಕೆ ಬರುತ್ತದೆ. ಆದರೆ ಅವ್ವ ಮನೆಯಲ್ಲಿ ಇರುವ ತನಕ ನನಗೆ ಆಕಳಿಸಲು ಪುರುಸೊತ್ತಿಲ್ಲ, ವಾರಕ್ಕೊಂದು ಪ್ರಸಂಗ ನಡೆದೇ ನಡೆಯುತ್ತದೆ. ಮುಕ್ತ ತಂತ್ರಾಂಶ ಅಂತ ಇದೆ, ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದು. ಅದನ್ನು ಲೋಕಕ್ಕೆಲ್ಲ ಸೇರಿದ ಒಂದು ದೊಡ್ಡ ಉಗ್ರಾಣಕ್ಕೆ ಹಾಕುವ ಮೊದಲು ಒಳಗಿನ ಒಂದೊಂದು ಫೈಲನ್ನೂ ತೆರೆದು, ಬರೆದವರು ಯಾರು, ಯಾವ ಷರತ್ತಿನ ಮೇಲೆ ಕೊಟ್ಟಿದ್ದಾರೆ ಎಂದು ಪಟ್ಟಿ ಮಾಡಬೇಕು. ಆಫೀಸಿಗೆ ರಜೆ ಇದ್ದಾಗ ನಾನು ಮಾಡುವುದು ಅದನ್ನೇ, ಪುಕ್ಕಟೆಯಾಗಿ.

೧. ಡಬ್ಬಿಯ ಕಾಯ್ದೆ

ಅವ್ವ ಧಾರವಾಡದಲ್ಲಿ ಒಂದನೇ ಇಯತ್ತೆಯ ಟೀಚರ್ ಆಗಿದ್ದವಳು. ಈಗ ಮುಲುಂಡದಲ್ಲಿ ನನ್ನ ಜೊತೆ ಇದ್ದಾಳೆ. ಒಂದು ದಿನ ಕೇಳಿಯೇಬಿಟ್ಟಳು.

"ಖರೇ ಹೇಳವಾ, ಆ ಕಂಪ್ಯೂಟರ್ ಮುಂದ ಕುಂತು ಏನ್ ಮಾಡ್ತಿ?"

ವಿವರಿಸಿದೆ. ಅವ್ವನ ಮುಖ ಅರಳಿತು. "ಭಾಂಡೇದ ಮ್ಯಾಲೆ ಹೆಸರು ಕೊರಸ್ತೀವಲ್ಲ, ಹಂಗ!"

"ಹಂಗ. ಆದ್ರ ಬರೇ ಹೆಸರು ಸಾಲಂಗಿಲ್ಲ. ಒಯ್ದವ್ರು ಏನೇನು ಮಾಡಬಹುದು ಅಂತನೂ ಕೆಳಗ ಬರದಿರಬೇಕು. ಒಂದು ಥರದ ಲೈಸೆನ್ಸ್ ಐತಿ, ತಗೊಂಡವ್ರು ಅದನ್ನ ಚಲೋ ಮಾಡಿ ಹಂಚಿದ್ರ, ಆ ಚಲೋ ಮಾಡಿದ್ದನ್ನೂ ಮಂದಿಗೆ ಹಂಗ ಬಿಟ್ಟುಕೊಡಬೇಕು."

"ಇದನ್ನ ತಿಳಕೊಳ್ಳಾಕ ಇಂಜಿನಿಯರಿಂಗ್ ಓದಬೇಕಾತೇನು? ಮಂದಿ ಡಬ್ಬಿ ಖಾಲಿ ವಾಪಸ್ ಕೊಡಬಾರದು ಅಂತ ನೀ ಫ್ರಾಕ್ ಹಾಕ್ಕೊಳ್ಳಾಗ ಹೇಳೀನಿ!"

೨. ಗಣೇಶರ ಒಪ್ಪಿಗೆ ಪತ್ರ

ನಮ್ಮ ಬಿಲ್ಡಿಂಗಿನ ಸೊಸೈಟಿಯ ಹಾಲ್‌ನಲ್ಲಿ ಅವ್ವ ಪ್ರತಿ ಭಾನುವಾರ ಮಕ್ಕಳಿಗೆ ಅ ಆ ಇ ಈ ಕಲಿಸುತ್ತಾಳೆ. "ಅಜ್ಜಿ, ಕನ್ನಡ ಸಮಝ್ ಆಗ್ತದೆ, ಬೋಲ್ನಾ ಆಗಲ್ಲ" ಎನ್ನುವ ಮಕ್ಕಳು. ಅವರಿಗೆಂದು ನಾನೊಂದು ಹಳೆಯ ತಂತ್ರಾಂಶ ಹುಡುಕಿದೆ. ಅಕ್ಷರ ಒತ್ತಿದರೆ ಅದನ್ನು ಬರೆಯುವ ಬಗೆ ಪರದೆಯ ಮೇಲೆ ಮೂಡುತ್ತದೆ. ಆದರೆ ಸೊಸೈಟಿಯ ಸೆಕ್ರೆಟರಿ ಬೆಳಗಾವಿ ಕಡೆಯವರು, ಭಾರಿ ಕಟ್ಟುನಿಟ್ಟು. "ಉಗ್ರಾಣದಾಗ ಇಲ್ಲದ್ದನ್ನ ಹಾಲ್‌ನ ಕಂಪ್ಯೂಟರಿಗೆ ಹಾಕಂಗಿಲ್ಲ. ರೂಲ್ ಅಂದ್ರ ರೂಲ್." ಹೊಸದನ್ನು ಸೇರಿಸಿಕೊಳ್ಳುವ ಉಗ್ರಾಣದ ಬಾಗಿಲು ತಿಂಗಳೊಪ್ಪತ್ತಿನಲ್ಲಿ ಮುಚ್ಚುವುದಿತ್ತು. ತಪ್ಪಿದರೆ ಮತ್ತೆ ತೆರೆಯುವುದು ಎರಡು ವರ್ಷಕ್ಕೆ. ಅಷ್ಟರಲ್ಲಿ ಈ ಮಕ್ಕಳು ಟ್ಯೂಷನ್ನುಗಳ ಪಾಲಾಗಿರುತ್ತಾರೆ ಎಂಬುದು ಅವ್ವನ ಚಿಂತೆ.

ತಂತ್ರಾಂಶ ಬರೆದವರು ಉಡುಪಿ ಕಡೆಯವರು. ಕಾಲೇಜಿನಲ್ಲಿದ್ದಾಗ ಬರೆದದ್ದಂತೆ. ಈಗ ಬೈಕುಲ್ಲಾದಲ್ಲಿ ತಂದೆಯ ಹೊಟೇಲಿನ ಗಲ್ಲಾದಲ್ಲಿ ಕೂರುತ್ತಾರೆ. ಅವರ ಪ್ರತಿಯೊಂದು ಫೈಲಿನ ಮೊದಲ ಸಾಲು, ಇಂಗ್ಲಿಷ್ ಅಕ್ಷರಗಳಲ್ಲಿ, ಶ್ರೀ ಗಣೇಶಾಯ ನಮಃ. ಸಾಮಾನ್ಯವಾಗಿ ಹಕ್ಕುದಾರರ ಹೆಸರು ಇರುವುದು ಅದೇ ಜಾಗದಲ್ಲಿ. ಉಗ್ರಾಣದ ಪರವಾಗಿ ರಿವ್ಯೂ ಮಾಡುವ ಮಹಿಳೆ ಯಾವುದೋ ಚಳಿದೇಶದವರು. ನಾನು ಪಟ್ಟಿ ಮಾಡಿ ಕಳಿಸಿದ ಮೇಲೆ ಅವರಿಂದ ಪತ್ರ ಬಂತು. "ಮೊದಲ ಸಾಲಿನಲ್ಲಿರುವ ಶ್ರೀ ಗಣೇಶ ಅವರ ಒಪ್ಪಿಗೆ ಪತ್ರ ಸಿಗಲಿಲ್ಲ. ದಯವಿಟ್ಟು ಅವರನ್ನು ಸಂಪರ್ಕಿಸಿ."

ನಾನು ಬೈಕುಲ್ಲಾಕ್ಕೆ ಹೋಗಿ ಇದನ್ನು ಓದಿ ಹೇಳಿದೆ. ತಂತ್ರಾಂಶ ಬರೆದವರು ಗಿರಾಕಿಗೆ ಕೂಪನ್ ಕೊಡುತ್ತಲೇ ಅಂದರು, "ಅವರ ಒಪ್ಪಿಗೆ ಉಂಟಲ್ಲ ಮೇಡಂ! ಅವರನ್ನು ಕೇಳದೆ ನಾವು ಶಟರ್ ಸಹ ಎತ್ತುವುದಿಲ್ಲ."

೩. ಷರತ್ತು

ಗಣೇಶ ದೇವರು ಎಂದು ತಿಳಿಸಿದ ಮೇಲೆ ಆ ತಕರಾರು ಮುಗಿಯಿತು. ತಂತ್ರಾಂಶಕ್ಕೆ ದನಿಯೂ ಇದ್ದರೆ ಚೆಂದ ಎಂದು ನಾನು ಫ್ಯಾನ್ ಆರಿಸಿ, ಅವ್ವನಿಂದ ಅಕ್ಷರಗಳನ್ನೆಲ್ಲ ಓದಿಸಿ, ರೆಕಾರ್ಡ್ ಮಾಡಿ ಸೇರಿಸಿದೆ.

ಪತ್ರ ಬಂತು. "ಈ ದನಿ ಯಾರದ್ದು? ಪಟ್ಟಿಯಲ್ಲಿ ಹೆಸರೇ ಇಲ್ಲವಲ್ಲ."

ನನಗೆ ನಾಚಿಕೆಯಾಯಿತು. ಊರವರ ಹೆಸರನ್ನೆಲ್ಲ ಹುಡುಕಿ ಬರೆಯುವವಳು, ಮನೆಯದ್ದೇ ಅಲ್ಲವೇ ಎಂದು ಅವ್ವನ ಹೆಸರನ್ನೇ ಬಿಟ್ಟಿದ್ದೆ! ಒಪ್ಪಿಗೆ ಪತ್ರ ಬರೆದು ಅವ್ವನ ಮುಂದಿಟ್ಟೆ. ಅವಳು ಕನ್ನಡಕ ಹಾಕಿಕೊಂಡು ಪೂರ್ತಿ ಓದಿ, ಕೊನೆಗೆ ತನ್ನದೊಂದು ಸಾಲು ಸೇರಿಸಿ ಸಹಿ ಹಾಕಿದಳು. "ಈ ದನಿ ಕೇಳಿ ಕಲಿಯುವ ಮಕ್ಕಳನ್ನು ಯಾರೂ ಹೊಡೆಯಬಾರದು."

ಇದ್ದದ್ದನ್ನು ಇದ್ದಂತೆ ಕಳಿಸಿದೆ. ಉತ್ತರ ಮರುದಿನವೇ ಬಂತು. ಉದ್ದೇಶ ಒಳ್ಳೆಯದು, ಆದರೆ ಬಳಕೆಗೆ ನಿರ್ಬಂಧ ಹಾಕುವ ಷರತ್ತು ಇದ್ದರೆ ಅದು ಮುಕ್ತ ಅಲ್ಲ. ಬಾಗಿಲು ಮುಚ್ಚಲು ಮೂರೇ ದಿನ ಉಳಿದಿತ್ತು.

"ಹುಡುಗ್ರನ್ನ ಹೊಡಿಯೋದು ಸ್ವಾತಂತ್ರ್ಯ ಏನು? ಆ ಬಾಯಾರನ್ನ ಕೇಳು," ಎಂದಳು ಅವ್ವ. ಇಡೀ ನೌಕರಿಯಲ್ಲಿ ಒಂದು ಮಗುವಿಗೂ ಕೈ ಎತ್ತದವಳು, ಒಂದಕ್ಷರವನ್ನೂ ಅಳಿಸಲು ಒಪ್ಪಲಿಲ್ಲ. ಬಿಡು ಎಂದು ಹೇಳಲು ನನಗೂ ಮನಸ್ಸು ಬರಲಿಲ್ಲ. ಅವ್ವ ಒಪ್ಪುತ್ತಿಲ್ಲ ಎಂದು ಹಾಗೆಯೇ ಬರೆದೆ. ಕೊನೆಯ ದಿನ ರಿವ್ಯೂ ಮಹಿಳೆಯೇ ದಾರಿ ತೋರಿಸಿದರು. ಷರತ್ತು ಆಗುವುದಿಲ್ಲ, ವಿನಂತಿ ಆಗಬಹುದು.

ಅವ್ವ ಪತ್ರವನ್ನು ನನ್ನ ಕಡೆ ಸರಿಸಿದಳು. "ಬರಿ ಹಂಗಾರ. ನಾ ವಿನಂತಿ ಮಾಡಿದ್ರ ಹೆಡ್‌ಮಾಸ್ತರ್ ಸೈತ ಅಂಜತಿದ್ದರು."

೪. ಬೋಗುಣಿಯ ರಿವ್ಯೂ

ತಂತ್ರಾಂಶ ಉಗ್ರಾಣ ಸೇರಿತು. ಪಟ್ಟಿಯಲ್ಲಿ "ದನಿ" ಎಂಬುದರ ಮುಂದೆ ಅವ್ವನ ಪೂರ್ತಿ ಹೆಸರು, ಕೆಳಗೆ ಅವಳ ವಿನಂತಿ. ಲೋಕದಲ್ಲಿ ಯಾರು ತೆರೆದರೂ ಕಾಣುತ್ತದೆ. ಎಷ್ಟೋ ಜನರ ಹೆಸರು ಬರೆದ ನನಗೆ ಯಾವತ್ತೂ ಅಷ್ಟು ಹೆಮ್ಮೆ ಆಗಿರಲಿಲ್ಲ. ಭಾನುವಾರ ಹಾಲ್‌ನಲ್ಲಿ ಸೆಕ್ರೆಟರಿ ತಾವೇ ನಿಂತು ಅದನ್ನು ಹಾಕಿಸಿದರು. ಮಕ್ಕಳು ಒತ್ತಿದ ಕಡೆಯೆಲ್ಲ ಅವ್ವನ ದನಿ.

ಮರುದಿನ ಅವ್ವ ನಮ್ಮ ದೊಡ್ಡ ಬೋಗುಣಿ ಎತ್ತಿಕೊಂಡು ಸ್ಟೇಷನ್ ಹತ್ತಿರದ ಪಾತ್ರೆ ಅಂಗಡಿಗೆ ಹೋದಳು. ಬಿಲ್ಡಿಂಗಿನವರೆಲ್ಲ ಪೂಜೆ, ಕೂಸಿನ ಬಾರಸೆಗೆಂದು ಒಯ್ಯುವ ಬೋಗುಣಿ ಅದು. ಮೊದಲು ಅದರ ಮೇಲೆ ಅವ್ವನ ಹೆಸರು ಮಾತ್ರ ಇತ್ತು. ಈಗ ಕೆಳಗೆ ಇನ್ನೆರಡು ಸಾಲು ಕೊರೆಸಿಕೊಂಡು ಬಂದಿದ್ದಳು. "ಯಾರು ಬೇಕಾದರೂ ಒಯ್ಯಬಹುದು. ಖಾಲಿ ತರಬಾರದು."

"ಅವ್ವ, ಇದು ಷರತ್ತು ಆತು. ರಿವ್ಯೂದಾಗ ಪಾಸ್ ಆಗಂಗಿಲ್ಲ," ಎಂದು ಕಾಡಿಸಿದೆ.

"ನನ್ನ ಬೋಗುಣಿಗೆ ರಿವ್ಯೂ ಮಾಡಾಕಿ ನಾನ!"

ಅದನ್ನು ಮೊದಲು ಒಯ್ದವರು ಸೆಕ್ರೆಟರಿ, ಮನೆಯ ಸತ್ಯನಾರಾಯಣ ಪೂಜೆಗೆ. ಕೊರೆದದ್ದನ್ನು ಓದಿದ್ದರೆಂದು ಕಾಣುತ್ತದೆ, ಸಂಜೆ ಬೋಗುಣಿಯ ತಳದಲ್ಲಿ ಶಿರಾ ಹಾಕಿಕೊಂಡು ತಾವೇ ಮೆಟ್ಟಿಲಿಳಿದು ತಂದರು. "ರೂಲ್ ಪ್ರಕಾರ ತಂದೀನ್ರಿ ಅಕ್ಕಾರ," ಎಂದರು ಎದೆಯುಬ್ಬಿಸಿ.

ಅವ್ವ ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿ, ನಿಧಾನವಾಗಿ ಅಗಿದು, ಬೋಗುಣಿಯನ್ನು ಅವರ ಕೈಗೇ ವಾಪಸ್ ಕೊಟ್ಟಳು.

"ಸಕ್ಕರಿ ಕಡಿಮಿ ಬಿದ್ದೈತ್ರಿ. ತಿದ್ದಿ ಮತ್ತೊಮ್ಮೆ ತರ್ರಿ."